ಆಡಳಿತವೂ ಮುಂದಾಳುತನವೂ



ಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಹೊರಬಂದ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಒಂದಲ್ಲ ಒಂದು ಸಂಸ್ಥೆಯ ಹೊಣೆಯನ್ನು ಹೊತ್ತಿದ್ದಾರೆ. ಒಬ್ಬರು ಪ್ರೌಢಶಾಲೆಯ ಮುಖ್ಯೋಪಾಧ್ಯಾಯರು, ಮತ್ತೊಬ್ಬರು ಸಹಕಾರಿ ಪತ್ತಿನ ಸಂಘದ ಅಧ್ಯಕ್ಷರು, ಇನ್ನೊಬ್ಬರು ಕಾರ್ಖಾನೆಯ ಒಂದು ವಿಭಾಗಕ್ಕೆ ಮೇಲಧಿಕಾರಿಗಳು, ಮಗುದೊಬ್ಬರು ಜಾತ್ರಾ ಸಮಿತಿಗೋ ವಿದ್ಯಾಸಂಸ್ಥೆಗೋ ಕಾರ್ಯದರ್ಶಿಗಳು. ಒಂದು ಕಾಲಕ್ಕೆ ಪಂಕ್ತಿಯಲ್ಲಿ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತವರು ಈಗ ಮೇಜಿನ ಹಿಂದೆ ಕುಳಿತಿದ್ದಾರೆ. ಅವರ ಕೈಕೆಳಗೆ ಹತ್ತೋ ನೂರೋ ಜನ ದುಡಿಯುತ್ತಿದ್ದಾರೆ. ಇದು ಮಠಕ್ಕೂ ಭಕ್ತಸಮೂಹಕ್ಕೂ ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಕುಳಿತವರಿಗೆ ಒಂದು ಪ್ರಶ್ನೆ ಎಂದಾದರೊಂದು ದಿನ ಎದುರಾಗದೆ ಇರದು. ಈ ಜನ ನನ್ನ ಮಾತನ್ನು ನಡೆಸುತ್ತಿರುವುದು ನಾನು ಕುಳಿತ ಸ್ಥಾನದ ಸಲುವಾಗಿಯೋ, ನನ್ನೊಡನೆ ಒಂದು ದಾರಿಯನ್ನು ನಡೆಯಬೇಕೆಂಬ ತಮ್ಮದೇ ಇಚ್ಛೆಯಿಂದಲೋ? ಸಹಿ ಮಾಡುವ ಅಧಿಕಾರ ನಾಳೆ ನನ್ನ ಕೈತಪ್ಪಿದರೆ ಇವರಲ್ಲಿ ಎಷ್ಟು ಜನ ನನ್ನ ಕಡೆ ಮುಖವೆತ್ತಿ ನೋಡಿಯಾರು?

ಸ್ಥಾನದ ಬಲದಿಂದ ಜನರ ಕೈಯಲ್ಲಿ ಕೆಲಸವನ್ನು ಕ್ರಮವಾಗಿ ಮಾಡಿಸುವುದನ್ನು ಆಡಳಿತವೆಂದು ಕರೆಯೋಣ. ಜನ ತಾವಾಗಿಯೇ ಕೂಡಿ ನಡೆಯುವಂತಾಗುವುದನ್ನು ಮುಂದಾಳುತನವೆನ್ನೋಣ. ಇವೆರಡೂ ಒಂದೆಯೆ? ಬೇರೆಯಾದರೆ ಒಬ್ಬನೇ ಮನುಷ್ಯನಲ್ಲಿ ಎರಡೂ ನೆಲಸಬಲ್ಲವೆ? ಪದಗಳ ಚರ್ಚೆಯಂತೆ ಕಂಡರೂ ಇದು ನಿಜವಾಗಿ ನೀತಿಯ ಪ್ರಶ್ನೆ. ಇನ್ನೊಬ್ಬ ಮನುಷ್ಯನನ್ನು ನಮ್ಮ ಉದ್ದೇಶಕ್ಕೆ ಎಷ್ಟರಮಟ್ಟಿಗೆ ಉಪಯೋಗಿಸಿಕೊಳ್ಳುವ ಹಕ್ಕು ನಮಗುಂಟೆಂಬುದು ಇದರೊಳಗೆ ಅಡಗಿದೆ.

ಪಶ್ಚಿಮದ ಪಂಡಿತರು ಈ ವಿಷಯವನ್ನು ಸಾಕಷ್ಟು ಚಿಂತಿಸಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಣಿಜ್ಯಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದ ಅಬ್ರಹಾಂ ಝಲೆಜ್ನಿಕ್ ಎಂಬುವರು 1977ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿ ಒಂದು ಲೇಖನವನ್ನು ಪ್ರಕಟಿಸಿದರು. ಆಡಳಿತಗಾರ ಕ್ರಮವನ್ನು, ನಿಯಮವನ್ನು, ಹೊಂದಾಣಿಕೆಯನ್ನು ಬಯಸುವವನು. ಮುಂದಾಳು ಅಸ್ಥಿರತೆಗೆ ಅಂಜದೆ ಹೊಸ ಕಲ್ಪನೆಯ ಬೆನ್ನುಹತ್ತುವವನು. ಇವರಿಬ್ಬರ ಸ್ವಭಾವವೇ ಬೇರೆಬೇರೆ ಎಂಬುದು ಅವರ ವಾದದ ತಿರುಳು. ವಾದ ಸ್ವಾರಸ್ಯವಾಗಿದೆ, ಆದರೆ ನನಗೆ ಪೂರ್ಣವಾಗಿ ಒಪ್ಪಿಗೆಯಾಗದು. ಹುಟ್ಟುಗುಣದಿಂದಲೇ ಇಬ್ಬರು ಬೇರೆ ಎಂದುಬಿಟ್ಟರೆ ಮೇಜಿನ ಹಿಂದೆ ಕುಳಿತವನಿಗೆ ಒಂದು ಸುಲಭವಾದ ನೆಪ ಸಿಕ್ಕಂತಾಗುತ್ತದೆ: ನಾನು ಲೆಕ್ಕ ನೋಡುವ ಜಾತಿಯವನು, ಜನರ ಮನಸ್ಸು ನೋಡುವುದು ನನ್ನ ಕೆಲಸವಲ್ಲ ಎಂದು ಅವನು ಹಾಯಾಗಿರಬಹುದು.

ಅವರಿಗಿಂತ ಹಿಂದೆ, 1911ರಲ್ಲಿ, ಫ್ರೆಡರಿಕ್ ಟೇಲರ್ ಎಂಬ ಅಮೆರಿಕದ ಎಂಜಿನಿಯರು ವೈಜ್ಞಾನಿಕ ಆಡಳಿತದ ತತ್ತ್ವಗಳನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು. ಬೆತ್ಲೆಹೆಂ ಎಂಬ ಊರಿನ ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣದ ಗಟ್ಟಿಗಳನ್ನು ಹೊತ್ತು ರೈಲುಬಂಡಿಗೆ ತುಂಬುವ ಆಳುಗಳ ವಿಷಯ ಅದರಲ್ಲಿ ಬರುತ್ತದೆ. ದಿನಕ್ಕೆ ತಲಾ 12½ ಟನ್ನು ಹೊರುತ್ತಿದ್ದಲ್ಲಿ, ಯಾವಾಗ ಎತ್ತಬೇಕು, ಯಾವಾಗ ಕೂರಬೇಕು ಎಂಬುದನ್ನೆಲ್ಲ ಮೇಲ್ವಿಚಾರಕನೇ ಗಡಿಯಾರ ಹಿಡಿದು ಹೇಳಿದ್ದರಿಂದ ಒಬ್ಬ ಆಳು 47½ ಟನ್ನು ಹೊರುವಂತಾಯಿತೆಂದು ಟೇಲರ್ ಲೆಕ್ಕ ಕೊಡುತ್ತಾರೆ. ಅವನ ದಿನಗೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಹೊರೆ ನಾಲ್ಕುಪಟ್ಟಿನ ಸಮೀಪಕ್ಕೆ ಬಂದರೆ ಕೂಲಿ ಒಂದೂಮುಕ್ಕಾಲು ಪಟ್ಟನ್ನೂ ಮುಟ್ಟಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಅದಿರಲಿ. ಇಂಥ ಕೆಲಸಕ್ಕೆ ತಕ್ಕವನು ಬುದ್ಧಿಯಲ್ಲಿ ಎತ್ತಿನಂತೆ ಮಂದನಾಗಿರಬೇಕೆಂದು ಟೇಲರ್ ಸ್ಪಷ್ಟವಾಗಿಯೇ ಬರೆದಿದ್ದಾರೆ. ಎತ್ತನ್ನು ಬಸವನೆಂದು ಪೂಜಿಸುವ ನಾಡಿನವರಾದ ನಮಗೆ ಆ ಹೋಲಿಕೆ ಬೇರೆ ರೀತಿಯಲ್ಲಿ ಕೇಳಿಸೀತು; ಟೇಲರರ ಮನಸ್ಸಿನಲ್ಲಿ ಮಾತ್ರ ಗೌರವದ ಭಾವವಿರಲಿಲ್ಲ. ಹೊರುವವನಿಗೆ ತನ್ನ ಹೊರೆಯ ವಿಷಯದಲ್ಲಿ ಆಲೋಚಿಸುವ ಅಗತ್ಯವೇ ಇಲ್ಲ, ಅವನ ಪರವಾಗಿ ಇನ್ನೊಬ್ಬ ಆಲೋಚಿಸುತ್ತಾನೆ ಎಂಬುದು ಆ ವ್ಯವಸ್ಥೆಯ ಅಡಿಗಲ್ಲು.

ಕಲ್ಲು ಮಣ್ಣು ಹೊರುವವರ ಕಥೆ ನಮ್ಮಲ್ಲಿಯೂ ಒಂದುಂಟು. ಈ ಪ್ರಶ್ನೆಗೆ ಅದಕ್ಕಿಂತ ಹತ್ತಿರವಾದ ಪ್ರಸಂಗವನ್ನು ನಾನು ಬೇರೆಲ್ಲಿಯೂ ಓದಿಲ್ಲವಾದ್ದರಿಂದ ಸ್ವಲ್ಪ ನಿಂತು ನೋಡೋಣ.

ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮೇಶ್ವರರ ಪ್ರಸಂಗವನ್ನು ತಾವೆಲ್ಲ ಬಲ್ಲಿರಿ. ಸೊನ್ನಲಿಗೆಯಲ್ಲಿ, ಅಂದರೆ ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರದಲ್ಲಿ, ಸಿದ್ಧರಾಮರು ಕೆರೆಯನ್ನು ತೋಡಿಸುತ್ತಿದ್ದಾರೆ. ಬಹುಸಂಖ್ಯೆಯ ಜನ ಅಲ್ಲಿ ಅಗೆಯುತ್ತಿದ್ದಾರೆ, ಹೊರುತ್ತಿದ್ದಾರೆ, ಕಟ್ಟೆ ಹಾಕುತ್ತಿದ್ದಾರೆ. ಅಷ್ಟು ಜನರನ್ನು ಕೂಡಿಸಿ, ಅನ್ನ ನೀರು ಒದಗಿಸಿ, ಕೆಲಸ ಹಂಚಿ, ಕೆರೆಯನ್ನು ಪೂರೈಸುವುದೆಂದರೆ ಸಾಮಾನ್ಯ ಸಾಮರ್ಥ್ಯವಲ್ಲ. ಸಿದ್ಧೇಶ್ವರನ ಗುಡಿಯನ್ನು ಬಳಸಿ ನಿಂತ ಆ ಕೆರೆಯನ್ನು ಇಂದಿಗೂ ಯಾತ್ರಿಕರು ಕಾಣಬಹುದು. ಅಂಥ ಕೆಲಸ ನಡೆದಿರುವ ಸ್ಥಳಕ್ಕೆ ಅಲ್ಲಮಪ್ರಭುದೇವರು ಬರುತ್ತಾರೆ. ಬಂದವರು ಸಿದ್ಧರಾಮರನ್ನು ಗುರುವೆಂದಾಗಲಿ ಯೋಗಿಯೆಂದಾಗಲಿ ಸಂಬೋಧಿಸದೆ, ಮಣ್ಣು ಅಗೆಯುವವನಿಗೆ ಸಲ್ಲುವ ಹೆಸರಿನಿಂದ ಕರೆದು, ಅವನೆಲ್ಲಿ ಎಂದು ಕೆಲಸಗಾರರನ್ನು ಕೇಳುತ್ತಾರೆ. ಕೆಲಸಗಾರರು ಕೆರಳುತ್ತಾರೆ, ಕೈಗೆ ಸಿಕ್ಕ ಕಲ್ಲುಗಳನ್ನು ಪ್ರಭುದೇವರ ಮೇಲೆ ಬೀರುತ್ತಾರೆ. ಕಲ್ಲುಗಳು ಅವರನ್ನು ತಾಕಲಿಲ್ಲವೆಂದು ಕಥೆ ಮುಂದುವರಿಯುತ್ತದೆ. ಸುದ್ದಿ ಕೇಳಿ ಸಿದ್ಧರಾಮರೂ ಕೋಪದಿಂದಲೇ ಬರುತ್ತಾರೆ. ಇಬ್ಬರಿಗೂ ಸಂವಾದ ನಡೆದು, ಕಡೆಗೆ ಸಿದ್ಧರಾಮರು ಪ್ರಭುವಿನೊಡನೆ ಕಲ್ಯಾಣಕ್ಕೆ ಹೊರಡುತ್ತಾರೆ.

ಈ ಪ್ರಸಂಗವನ್ನು ವಿವರಿಸುವಾಗ ನಾವು ಸಾಮಾನ್ಯವಾಗಿ ಸಿದ್ಧರಾಮರ ಅಹಂಕಾರ ಕರಗಿದ್ದನ್ನು ಕುರಿತು ಹೇಳುತ್ತೇವೆ. ಅದು ಸರಿಯೆ. ನನ್ನ ಮನಸ್ಸು ಮಾತ್ರ ಆ ಕಲ್ಲು ಬೀರಿದವರಲ್ಲಿ ನಿಂತುಬಿಡುತ್ತದೆ. ಅವರೇ ಮಣ್ಣು ಅಗೆಯುವವರು. ತಮ್ಮ ಒಡೆಯನನ್ನು ಯಾರೋ ಮಣ್ಣು ಅಗೆಯುವವನೆಂದು ಕರೆದರೆ ಅವರಿಗೆ ಏಕೆ ಅವಮಾನವಾಗಬೇಕು? ತಾವು ಇಡೀ ದಿನ ಮಾಡುವ ಕೆಲಸದ ಹೆಸರು ಅವರ ಕಿವಿಗೆ ಬೈಗುಳದಂತೆ ಕೇಳಿಸಿತಲ್ಲ! ಕೆರೆ ದೊಡ್ಡದು, ಕೆರೆಯನ್ನು ಮಾಡಿಸುವವರು ದೊಡ್ಡವರು, ನಾವು ಸಣ್ಣವರು, ಆದರೆ ದೊಡ್ಡವರ ಕೆಲಸದಲ್ಲಿದ್ದೇವೆ ಎಂಬ ಹೆಮ್ಮೆ ಮಾತ್ರ ಅವರಿಗೆ ದೊರೆತಿತ್ತು. ತಮ್ಮ ಹಾರೆ ಗುದ್ದಲಿಗೆ ತಮ್ಮದೇ ಆದ ಘನತೆಯುಂಟೆಂಬುದು ಅವರಿಗೆ ತಿಳಿದಿರಲಿಲ್ಲ. ಇದೇ ಆಡಳಿತವು ಮುಟ್ಟಬಲ್ಲ ಮೇರೆಯೆಂದು ನನ್ನ ಅಭಿಪ್ರಾಯ. ಸೊನ್ನಲಿಗೆಯಲ್ಲಿ ಕೊರತೆಯೇನೂ ಇರಲಿಲ್ಲ; ಉದ್ದೇಶ ಪವಿತ್ರ, ವ್ಯವಸ್ಥೆ ಅಚ್ಚುಕಟ್ಟು, ಜನ ನಿಷ್ಠರು, ಒಡೆಯನಿಗಾಗಿ ಹೊಡೆದಾಡಲೂ ಸಿದ್ಧರು. ಅಷ್ಟಿದ್ದೂ ಆ ಜನ ಕೆರೆಯೊಡನೆ ತಾವೂ ಬೆಳೆದಿರಲಿಲ್ಲ.

ಕಲ್ಯಾಣದಲ್ಲಿ ಬೇರೆಯಾದ ಒಂದು ಕ್ರಮ ಆಗಲೇ ನಡೆದಿತ್ತು. ಅಲ್ಲಿ ಮಡಿವಾಳ, ಅಂಬಿಗ, ಡೋಹರ, ಹಡಪದ ಎಂಬ ಕಾಯಕದ ಹೆಸರುಗಳೇ ಶರಣರ ಹೆಸರಿನ ಹಿಂದೆ ಮಾನದ ಬಿರುದಿನಂತೆ ನಿಂತಿದ್ದವು. ಅಂಬಿಗರ ಚೌಡಯ್ಯನವರನ್ನು ಅಂಬಿಗನೆಂದು ಕರೆದರೆ ಯಾರೂ ಕಲ್ಲು ಬೀರುವ ಸಂಭವವಿರಲಿಲ್ಲ.

ಆ ಕ್ರಮವನ್ನು ಕಟ್ಟಿದ ಬಸವಣ್ಣನವರು ವೃತ್ತಿಯಿಂದ ಆಡಳಿತಗಾರರೇ ಆಗಿದ್ದರೆಂಬುದನ್ನು ನಾವು ಭಕ್ತಿಯ ಭರದಲ್ಲಿ ಮರೆಯುತ್ತೇವೆ. ಬಿಜ್ಜಳನ ಭಂಡಾರಿಯೆಂದರೆ ರಾಜ್ಯದ ಹಣಕ್ಕೆ ಹೊಣೆಗಾರ. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಕೈಕೆಳಗಿನವರಿಂದ ಲೆಕ್ಕ ತೆಗೆದುಕೊಳ್ಳುವವನು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನಲ್ಲಿ ದೂರಿದ ಕಥೆ ಪುರಾಣಗಳಲ್ಲಿದೆ. ಎಣಿಸಿ ನೋಡಿದಾಗ ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ. ಪುರಾಣಕಾರರು ಇದನ್ನು ಪವಾಡವಾಗಿ ಹೇಳುತ್ತಾರೆ. ಪವಾಡವನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ: ಲೆಕ್ಕ ಕೇಳಿದಾಗ ಆ ಭಂಡಾರಿ ಸಿಟ್ಟಾಗಲಿಲ್ಲ, ತನ್ನ ಹಿರಿಮೆಯನ್ನು ಎತ್ತಿ ಹೇಳಿಕೊಳ್ಳಲಿಲ್ಲ, ಬೀಗ ತೆಗೆದು ಎಣಿಸಿಕೊಳ್ಳಿ ಎಂದರು. ಅರಸನ ಮುಂದೆ ಹೀಗೆ ನಿಲ್ಲುವುದು ಯಾವ ಅಧಿಕಾರಿಗೂ ಕರ್ತವ್ಯವೇ. ಅವರ ವಿಶೇಷವಿರುವುದು ಇನ್ನೊಂದು ಕಡೆ. ಅರಸನಿಗೆ ಒಪ್ಪಿಸಿದಂತೆಯೇ ತಮ್ಮ ನಡೆಯ ಲೆಕ್ಕವನ್ನು ಅವರು ಶರಣರ ಸಭೆಗೂ ಒಪ್ಪಿಸಿದರು. ಆ ಸಭೆಯಲ್ಲಿ ಯಾವ ಅಧಿಕಾರವೂ ಇಲ್ಲದವರು, ಸಮಾಜ ಕೀಳೆಂದು ದೂರವಿಟ್ಟವರು ಕುಳಿತಿದ್ದರು. ತಮಗಿಂತ ಕೆಳಗಿನ ಸ್ಥಾನದವರೆಂದು ಲೋಕ ಎಣಿಸಿದವರ ಮುಂದೆ ನಿಂತು, ನನ್ನಲ್ಲಿ ಕುಂದಿದ್ದರೆ ತೋರಿಸಿ ಎಂದು ಕೇಳಿದರು. ಕಲ್ಯಾಣದ ಆ ವ್ಯವಸ್ಥೆಯೆಲ್ಲ ಅವರದೇ, ಮಹಾಮನೆಯ ಅನ್ನವೂ ಅವರದೇ. ಹಾಗಿದ್ದೂ ಶೂನ್ಯಸಿಂಹಾಸನದ ಮೇಲೆ ಕುಳಿತವರು ಅಲ್ಲಮಪ್ರಭುದೇವರು.

ಆಡಳಿತಕ್ಕೂ ಮುಂದಾಳುತನಕ್ಕೂ ಇರುವ ಅಂತರ ನನಗೆ ಇಲ್ಲಿ ಕಾಣುತ್ತದೆ. ಲೆಕ್ಕ ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ನೋಡಿರಿ. ಆಡಳಿತದಲ್ಲಿ ಕೆಳಗಿನವನು ಮೇಲಿನವನಿಗೆ ಲೆಕ್ಕ ಒಪ್ಪಿಸುತ್ತಾನೆ. ಎಷ್ಟು ಪಾಠ ಮಾಡಿದೆ, ಎಷ್ಟು ಚೀಲ ಇಳಿಸಿದೆ, ಎಷ್ಟು ಸಾಲ ವಸೂಲು ಮಾಡಿದೆ ಎಂದು. ಇದಿಲ್ಲದೆ ಯಾವ ಸಂಸ್ಥೆಯೂ ನಡೆಯದು. ಮುಂದಾಳುತನದಲ್ಲಿ ಮೇಲಿನವನೂ ಕೆಳಗಿನವನಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ. ಎರಡಕ್ಕೂ ಮನುಷ್ಯನ ಸ್ವಭಾವವೇ ಬೇರೆಯಾಗಬೇಕೆಂದು ನಾನು ತಿಳಿಯಲಾರೆ. ಒಬ್ಬನೇ ಭಂಡಾರಿ ಎರಡನ್ನೂ ಮಾಡಿ ತೋರಿಸಿದ ಮೇಲೆ ಆ ಮಾತಿಗೆ ಆಧಾರವೆಲ್ಲಿ?

ಆದರೂ ಬಸವಣ್ಣನವರಂಥವರ ವ್ಯವಸ್ಥೆಯೂ ಒಮ್ಮೊಮ್ಮೆ ಮನುಷ್ಯನನ್ನು ಸಣ್ಣವನನ್ನಾಗಿ ಮಾಡುವ ಅಪಾಯಕ್ಕೆ ಒಳಗಾಗುತ್ತದೆಂಬುದಕ್ಕೆ ಆಯ್ದಕ್ಕಿ ಲಕ್ಕಮ್ಮನ ಕಥೆ ಸಾಕ್ಷಿ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅಂದಂದಿನ ದಾಸೋಹಕ್ಕೆ ಸಾಕಾಗುವಷ್ಟನ್ನು ತಂದರೆ ಮುಗಿಯಿತು. ಒಂದು ದಿನ ಅವರು ತಂದ ಅಕ್ಕಿ ಹೆಚ್ಚಾಗಿತ್ತು. ಈ ಬಡದಂಪತಿಗಳಿಗೆ ಸ್ವಲ್ಪ ಅನುಕೂಲವಾಗಲೆಂದು ಬಸವಣ್ಣನವರೇ ಬೇಕೆಂದು ಹೆಚ್ಚು ಚೆಲ್ಲಿಸಿದ್ದರೆಂದು ಕಥೆಯ ಒಂದು ರೂಪ ಹೇಳುತ್ತದೆ. ಇಂದಿನ ಸಂಸ್ಥೆಗಳಲ್ಲಿ ಇಂಥದಕ್ಕೆ ನೌಕರರ ಕಲ್ಯಾಣವೆಂದು ಹೆಸರು. ವಾರ್ಷಿಕ ವರದಿಯಲ್ಲಿ ಅಚ್ಚಾಗುತ್ತದೆ. ಲಕ್ಕಮ್ಮ ಏನು ಮಾಡಿದಳು? ಹೆಚ್ಚಿನದನ್ನು ಚೆಲ್ಲಿದ್ದಲ್ಲಿಗೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು.

ಅವಳಿಗೆ ಯಾವ ಸ್ಥಾನವಿತ್ತು? ಅಂಗಳದ ಅಕ್ಕಿ ಆಯುವವನ ಹೆಂಡತಿ. ಅವಳ ಮಾತಿಗೆ ಮಾರಯ್ಯ ಮರುಮಾತಾಡದೆ ಹೋದದ್ದು ಅವಳ ಕೈಯಲ್ಲಿ ದಂಡವಿದ್ದುದರಿಂದಲ್ಲ. ತಾವಿಬ್ಬರೂ ಒಪ್ಪಿಕೊಂಡ ಬಾಳಿನ ನಿಯಮ ಅವಳ ಬಾಯಲ್ಲಿ ಅವರಿಗೆ ಕೇಳಿಸಿತು. ಆ ದಿನ ಕಲ್ಯಾಣದಲ್ಲಿ ಮುಂದಾಳಾಗಿದ್ದವಳು ಲಕ್ಕಮ್ಮನೆಂದರೆ ಅತಿಶಯೋಕ್ತಿಯಲ್ಲ. ಬಸವಣ್ಣನವರ ಕರುಣೆ ದೊಡ್ಡದು. ಆದರೆ ಕೇಳದೆ, ತಿಳಿಸದೆ, ಮರೆಯಲ್ಲಿ ನಿಂತು ಇನ್ನೊಬ್ಬರ ಬಾಳನ್ನು ಒಳ್ಳೆಯದಕ್ಕಾಗಿಯಾದರೂ ತಿದ್ದಹೊರಡುವುದರಲ್ಲಿ ಒಂದು ಒಡೆತನ ಇಣುಕುತ್ತದೆ. ಆ ಹಿಡಿ ಅಕ್ಕಿಯಲ್ಲಿ ಲಕ್ಕಮ್ಮ ಅದನ್ನು ಕಂಡಳು. ಬಸವಣ್ಣನವರ ದೊಡ್ಡತನವೆಂದರೆ ಅವರು ಅದನ್ನು ಉದ್ಧಟತನವೆಂದು ಬಗೆಯದೆ ತಲೆಬಾಗಿದ್ದು.

ಇಷ್ಟು ಹೇಳಿದ ಮೇಲೆ ಕೆಲವರು ಆಡಳಿತವೆಂಬುದು ಕೀಳು, ಮುಂದಾಳುತನವೇ ಮೇಲು ಎಂದು ತೀರ್ಮಾನಿಸಿಯಾರು. ಅದು ಸೋಮಾರಿಗಳಿಗೆ ಪ್ರಿಯವಾದ ತೀರ್ಮಾನ. ವೇದಿಕೆಯ ಮೇಲೆ ಎರಡು ತಾಸು ಆದರ್ಶವನ್ನು ಬೋಧಿಸಿ, ಕೆಳಗಿಳಿದ ಮೇಲೆ ರಸೀದಿ ಪುಸ್ತಕವೆಲ್ಲಿದೆಯೆಂದು ಗೊತ್ತಿಲ್ಲದ ಮುಂದಾಳುಗಳನ್ನು ನಮ್ಮ ಸಮಾಜ ಬೇಕಾದಷ್ಟು ಕಂಡಿದೆ. ದಾಸೋಹದ ಮನೆಯಲ್ಲಿ ನಿಂತು ನೋಡಿದವರಿಗೆ ಗೊತ್ತು: ಬೆಳಗಿನ ಜಾವಕ್ಕೆ ಒಲೆ ಹೊತ್ತದಿದ್ದರೆ, ಹಿಂದಿನ ರಾತ್ರಿಯೇ ಬೇಳೆ ಅಳೆದಿಡದಿದ್ದರೆ, ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಮಕ್ಕಳು ಹಸಿದೇ ಹೋಗಬೇಕು. ಹಸಿದ ಮಗುವಿಗೆ ಮುಂದಾಳಿನ ದೂರದೃಷ್ಟಿಯಿಂದ ಹೊಟ್ಟೆ ತುಂಬದು.

ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1941ರಲ್ಲಿ ಮಠದ ಸಂಪೂರ್ಣ ಹೊಣೆಯನ್ನು ವಹಿಸಿಕೊಂಡು 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ ಆ ಸಾವಿರಾರು ಮಕ್ಕಳ ಅನ್ನ ಅಕ್ಷರಗಳ ಚಿಂತೆಯನ್ನು ಹೊತ್ತರು. ತಮ್ಮ ಅಗಲಿಕೆಯ ಸುದ್ದಿಯನ್ನು ಮಕ್ಕಳ ಊಟವಾದ ಮೇಲೆಯೇ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಆಗ ವರದಿಯಾಯಿತು. ಇದನ್ನು ಏನೆಂದು ಕರೆಯುವಿರಿ? ಅಡುಗೆಮನೆಯ ವೇಳಾಪಟ್ಟಿಯ ಮಾತೆಂದರೆ ವೇಳಾಪಟ್ಟಿಯ ಮಾತೇ. ನೂರಹನ್ನೊಂದು ವರ್ಷದ ಬಾಳಿನ ಕೊನೆಯಲ್ಲಿ ಒಬ್ಬ ಯತಿ ತನ್ನ ಮರಣವನ್ನು ಮಕ್ಕಳ ಮಧ್ಯಾಹ್ನದ ಪಂಕ್ತಿಗಿಂತ ಹಿಂದಕ್ಕೆ ಇಟ್ಟರು.

ವಚನಗಳೇ ನಮ್ಮ ಕೈಗೆ ಬಂದ ಬಗೆಯನ್ನು ನೆನೆದರೂ ಈ ಮಾತು ಸ್ಪಷ್ಟವಾಗುತ್ತದೆ. ಕಲ್ಯಾಣ ಚದುರಿದ ಮೇಲೆ ಅವು ತಾಳೆಗರಿಯ ಕಟ್ಟುಗಳಾಗಿ ಮಠಗಳಲ್ಲಿ, ಭಕ್ತರ ಜಗಲಿಯ ಮೇಲೆ ಉಳಿದವು. ಹದಿನೈದನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಕಾಲಕ್ಕೆ ವಿರಕ್ತರು ಅವುಗಳನ್ನು ಹುಡುಕಿ, ಹೊಂದಿಸಿ, ಕಟ್ಟು ಕಟ್ಟಿದರು. ಮತ್ತೆ ಬಹುಕಾಲದ ಮೇಲೆ ವಿಜಯಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಹಳ್ಳಿಹಳ್ಳಿ ಅಲೆದು ಆ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುದ್ರಣಾಲಯಕ್ಕಾಗಿ ಮನೆಯನ್ನೇ ಮಾರಿದರು. ಈ ಮಹನೀಯರು ಸಹಕಾರಿ ಬ್ಯಾಂಕನ್ನೂ ವಿದ್ಯಾಸಂಸ್ಥೆಯನ್ನೂ ಕಟ್ಟಿದವರು; ಷೇರು, ಠೇವಣಿ, ನಡಾವಳಿ ಪುಸ್ತಕ ಇವುಗಳ ಬಳಕೆಯುಳ್ಳವರು. ಪ್ರತಿಗಳನ್ನು ಹೋಲಿಸುವುದು, ಕರಡು ತಿದ್ದುವುದು, ಚಂದಾದಾರರಿಗೆ ಸಂಚಿಕೆ ಕಳಿಸುವುದು ಇವೆಲ್ಲ ಬೇಸರ ತರಿಸುವ ಆಡಳಿತದ ಕೆಲಸಗಳು. ಯಾರೋ ಒಬ್ಬರು ಆ ಬೇಸರವನ್ನು ಜೀವಮಾನವಿಡೀ ಸಹಿಸಿಕೊಂಡದ್ದರಿಂದ ಇಂದು ನಾವು ಬಸವಣ್ಣನವರ ಮಾತನ್ನು ಓದುತ್ತಿದ್ದೇವೆ.

ಹಾಗಾದರೆ ಕೆಡುಕಿರುವುದೆಲ್ಲಿ? ಆಡಳಿತ ಮಾತ್ರ ಉಳಿದು, ಅದೇ ಮುಂದಾಳುತನದ ವೇಷ ಧರಿಸಿದಾಗ. ನಮ್ಮವರೇ ನಡೆಸುವ ವಿದ್ಯಾಸಂಸ್ಥೆಗಳ ಕಡೆ ಒಮ್ಮೆ ಕಣ್ಣು ಹಾಯಿಸೋಣ. ಹೆಸರು ಹೇಳುವ ಅಗತ್ಯವಿಲ್ಲ. ಹೆಬ್ಬಾಗಿಲಿಗೆ ಬಸವಣ್ಣನವರ ಹೆಸರು. ಒಳಗೆ ಬೆರಳಚ್ಚಿನ ಹಾಜರಿ ಯಂತ್ರ. ಯಂತ್ರವಿರಲಿ, ಅದರ ಮೇಲೆ ನನಗೆ ಹಗೆಯಿಲ್ಲ. ಹೊತ್ತಿಗೆ ಸರಿಯಾಗಿ ಬರಬೇಕಾದದ್ದು ಶಿಕ್ಷಕನ ಕಾಯಕ. ಆದರೆ ಅನುದಾನವಿಲ್ಲದ ಶಾಲೆಗಳ ಶಿಕ್ಷಕರು ಕೆಲವೆಡೆ ಒಂದು ಮೊತ್ತಕ್ಕೆ ಸಹಿ ಹಾಕಿ ಅದಕ್ಕಿಂತ ಕಡಿಮೆಯಾದ ಇನ್ನೊಂದು ಮೊತ್ತವನ್ನು ಎಣಿಸಿಕೊಂಡು ಮನೆಗೆ ಹೋಗುತ್ತಾರೆಂಬುದು ಯಾರಿಗೆ ಗೊತ್ತಿಲ್ಲದ ಸಂಗತಿ? ಅದೇ ವರ್ಷ ಆವರಣಕ್ಕೆ ಹೊಸ ಕಮಾನು ಏಳುತ್ತದೆ, ಅಧ್ಯಕ್ಷರ ಸನ್ಮಾನದ ಸಮಾರಂಭಕ್ಕೆ ಅದೇ ಶಿಕ್ಷಕರು ಕುರ್ಚಿ ಜೋಡಿಸುತ್ತಾರೆ, ಕಾಯಕವೇ ಕೈಲಾಸವೆಂಬ ವಿಷಯವಾಗಿ ಭಾಷಣ ನಡೆಯುತ್ತದೆ. ಲೆಕ್ಕಪುಸ್ತಕದಲ್ಲಿ ಎಲ್ಲವೂ ಕ್ರಮವಾಗಿದೆ. ಲೆಕ್ಕಪರಿಶೋಧಕರು ಸಹಿ ಮಾಡಿ ಹೋಗಿದ್ದಾರೆ. ಕಾಯಕದ ಮಾತನ್ನು ದುಡಿಯುವವನ ಬಾಯಿ ಮುಚ್ಚಿಸಲು ಬಳಸುವುದಕ್ಕಿಂತ ಟೇಲರರ ಗಡಿಯಾರವೇ ಮೇಲು ಎಂದು ನಾನು ಹೇಳಿದರೆ ಯಾರೂ ಕೋಪಿಸಬಾರದು. ಆ ಮನುಷ್ಯ ತಾನು ಮಾಡುತ್ತಿರುವುದೇನೆಂದು ಮುಚ್ಚಿಡಲಿಲ್ಲ; ಕೂಲಿಯನ್ನಾದರೂ ಹೆಚ್ಚಿಸಿದರು.

ಸಂಬಳ ಪಡೆಯುವವರಿಗೆ ಮುಂದಾಳಾಗುವುದು ಸ್ವಭಾವತಃ ಕಷ್ಟ. ಒಪ್ಪಿಗೆಯಾಗದಿದ್ದರೆ ಬಿಟ್ಟುಹೋಗುವ ಸ್ವಾತಂತ್ರ್ಯ ಇದ್ದವನು ಹಿಂಬಾಲಿಸಿದಾಗ ಅದು ಹಿಂಬಾಲಿಸುವುದು. ಮನೆಯ ಒಲೆ ಉರಿಯಬೇಕಾದ ನೌಕರನಿಗೆ ಆ ಸ್ವಾತಂತ್ರ್ಯವೆಲ್ಲಿ? ಅವನು ನಕ್ಕರೆ ಅದು ಒಪ್ಪಿಗೆಯೋ ಅಂಜಿಕೆಯೋ ತಿಳಿಯದು. ಆದ್ದರಿಂದ ಮೇಲೆ ಕುಳಿತವನು ತನ್ನ ಸುತ್ತಣ ವಿನಯವನ್ನು ನೋಡಿ ತಾನು ಮುಂದಾಳೆಂದು ಬಗೆಯುವುದು ಅಪಾಯಕರ. ಇದನ್ನು ಪರೀಕ್ಷಿಸಿಕೊಳ್ಳಲು ನನಗೆ ತಿಳಿದಮಟ್ಟಿಗೆ ಒಂದೆರಡು ದಾರಿಗಳುಂಟು. ತಮ್ಮ ಕೈಕೆಳಗಿನವರಲ್ಲಿ ಒಬ್ಬರಾದರೂ ಕಳೆದ ವರ್ಷದಲ್ಲಿ ತಮ್ಮೆದುರು ನಿಂತು, ಇದು ಸರಿಯಲ್ಲ ಎಂದು ಹೇಳಿದ್ದಾರೆಯೆ? ಹೇಳಿದವರು ಈಗ ಎಲ್ಲಿದ್ದಾರೆ, ಅದೇ ಊರಿನಲ್ಲಿಯೋ, ವರ್ಗವಾಗಿ ದೂರದ ಶಾಖೆಯಲ್ಲಿಯೋ? ಇನ್ನೊಂದು, ತಾವಿಲ್ಲದ ದಿನ ಕೆಲಸ ಹೇಗೆ ನಡೆಯುತ್ತದೆ? ಅಧಿಕಾರಿ ಇಲ್ಲದ ದಿನ ಅರ್ಧ ಹೊತ್ತಿಗೆ ಖಾಲಿಯಾಗುವ ಕಚೇರಿಗಳುಂಟು. ಅಧಿಕಾರಿ ಬಾರದಿದ್ದಾಗ ಹಾಯಾಗಿ ಉಸಿರಾಡಿ ಹೆಚ್ಚು ಚೆನ್ನಾಗಿ ಕೆಲಸ ಮಾಡುವ ಕಚೇರಿಗಳೂ ಉಂಟೆಂಬುದನ್ನು ಅನುಭವಸ್ಥರು ಬಲ್ಲರು!

ಮುಂದಾಳು ಇಲ್ಲವಾದ ಮೇಲೆ ಏನು ಉಳಿಯುತ್ತದೆಂಬುದಕ್ಕೆ ಗದುಗಿನ ವೀರೇಶ್ವರ ಪುಣ್ಯಾಶ್ರಮಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳು 1904ರಲ್ಲಿ ವೀರಶೈವ ಮಹಾಸಭೆಯನ್ನೂ 1909ರಲ್ಲಿ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದವರು. ಅಷ್ಟು ದೊಡ್ಡ ಕಾರ್ಯಗಳ ನಡುವೆ ಅವರ ದೃಷ್ಟಿ ಹಳ್ಳಿಯ ಒಬ್ಬ ಕುರುಡು ಬಾಲಕನ ಮೇಲೆ ಬಿತ್ತು. ಕಣ್ಣಿಲ್ಲದವನಿಗೆ ಒಂದು ಮೂಲೆ, ಎರಡು ಹೊತ್ತು ಊಟ ಎಂದು ವ್ಯವಸ್ಥೆ ಮಾಡಿಬಿಟ್ಟಿದ್ದರೆ ಅದು ಸಾಕಷ್ಟು ಪುಣ್ಯದ ಕೆಲಸವೇ ಆಗುತ್ತಿತ್ತು. ಅವರು ಆ ಬಾಲಕನಿಗೆ ಸಂಗೀತವನ್ನು ಕಲಿಸುವ ಏರ್ಪಾಡು ಮಾಡಿದರು. ಅವನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಗವಾಯಿಗಳು ಅಂಧ ಮಕ್ಕಳನ್ನು ಕೂಡಿಸಿ, ಊರೂರು ಅಲೆದು, ನಾಟಕ ಮಂಡಳಿಯನ್ನು ಕಟ್ಟಿ ಅವರನ್ನು ಸಾಕಿ ಸಂಗೀತ ಕಲಿಸಿದರು. ಶಿವಯೋಗಿಗಳು 1930ರಲ್ಲಿ ಲಿಂಗೈಕ್ಯರಾದರು, ಕೆಲಸ ನಿಲ್ಲಲಿಲ್ಲ. 1944ರಲ್ಲಿ ಗವಾಯಿಗಳೂ ತೀರಿಕೊಂಡರು, ಆಗಲೂ ನಿಲ್ಲಲಿಲ್ಲ. ಅವರ ಕೈಯಲ್ಲಿ ಬೆಳೆದ ಇನ್ನೊಬ್ಬ ಅಂಧ ಬಾಲಕರಾದ ಪುಟ್ಟರಾಜ ಗವಾಯಿಗಳು 2010ರವರೆಗೆ ಆಶ್ರಮವನ್ನು ನಡೆಸಿದರು. ಶಿವಯೋಗಿಗಳು ಬಿಟ್ಟುಹೋದದ್ದು ನಿಯಮಾವಳಿಗಿಂತ ಹೆಚ್ಚಾಗಿ ಮನುಷ್ಯರನ್ನು. ಆಶ್ರಿತನಾಗಿ ಬಂದವನು ಆಶ್ರಯ ಕೊಡುವವನಾದ. ಅವನ ಆಶ್ರಯಕ್ಕೆ ಬಂದವನೂ ಹಾಗೆಯೇ ಆದ. ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ನಾಟಕ ಮಂಡಳಿಯೆಂದರೆ ಪರದೆ, ದೀಪ, ಸಾಮಾನು ಸಾಗಣೆ, ಟಿಕೇಟಿನ ಹಣ, ನಟರ ಸಂಬಳ, ಸಾಲ. ಶುದ್ಧಾಂಗವಾಗಿ ಆಡಳಿತದ ಕೋಟಲೆ. ಕಣ್ಣಿಲ್ಲದ ಮಹಾನುಭಾವರು ಅದನ್ನು ಹೊತ್ತರು, ಕಣ್ಣಿದ್ದ ನಾವು ಅದನ್ನು ಕೀಳೆನ್ನುತ್ತೇವೆ.

ಕಲ್ಯಾಣಕ್ಕೂ ಇದೇ ಪರೀಕ್ಷೆ ಒದಗಿತ್ತು. ಹರಳಯ್ಯ, ಮಧುವರಸರ ಮನೆತನಗಳ ನಡುವಣ ವಿವಾಹ, ಅವರಿಬ್ಬರಿಗಾದ ಘೋರಶಿಕ್ಷೆ, ಬಿಜ್ಜಳನ ಕೊಲೆ, ಇವು ತಮಗೆ ತಿಳಿದ ಸಂಗತಿಗಳು. ಬಸವಣ್ಣನವರು ಅದಕ್ಕೆ ಮುನ್ನವೇ ಕೂಡಲಸಂಗಮಕ್ಕೆ ತೆರಳಿದ್ದರು. ಮಹಾಮನೆಯ ಭಂಡಾರವಿಲ್ಲ, ದಾಸೋಹದ ಒಲೆಯಿಲ್ಲ, ಮಂತ್ರಿಯ ಆಶ್ರಯವಿಲ್ಲ. ಬೆನ್ನಹಿಂದೆ ಅರಸನ ದಂಡು. ಸ್ಥಾನಬಲದಿಂದ ಕೂಡಿದ್ದ ಜನವಾಗಿದ್ದರೆ ಆ ರಾತ್ರಿಯೇ ಕರಗಿಹೋಗಬೇಕಿತ್ತು. ಪರಂಪರೆ ಹೇಳುವಂತೆ ಶರಣರು ವಚನದ ಕಟ್ಟುಗಳನ್ನು ಹೊತ್ತು, ಗುಂಪುಗುಂಪಾಗಿ ಬೇರೆಬೇರೆ ದಾರಿ ಹಿಡಿದರು. ಉಳವಿಯ ಕಾಡಿನ ಕಡೆಗೆ ಹೊರಟ ಗುಂಪಿಗೆ ದಾರಿ ತೋರಿದವರು ಚೆನ್ನಬಸವಣ್ಣನವರು. ವಯಸ್ಸಿನಲ್ಲಿ ಅನೇಕರಿಗಿಂತ ಕಿರಿಯರು. ದಂಡು ಸಮೀಪಕ್ಕೆ ಬಂದಾಗ ಹೆಂಗಸರು, ಮುದುಕರು, ಹೊರೆ ಹೊತ್ತವರು ಮುಂದೆ ಸಾಗಲೆಂದು ಗುಂಪಿನ ತುದಿಯಲ್ಲಿ ಹಿಂದಿರುಗಿ ನಿಂತವರು ಮಡಿವಾಳ ಮಾಚಿದೇವರು. ಅವರಿಗೆ ಆ ಸ್ಥಾನವನ್ನು ಯಾರೂ ನೇಮಿಸಿರಲಿಲ್ಲ. ಶರಣರ ಬಟ್ಟೆಯನ್ನು ಮಡಿಮಾಡುವುದು ಅವರ ಕಾಯಕವಾಗಿತ್ತು.